ಒಣ ಕಸವನ್ನು ಮನೆ ಬಾಗಿಲಲ್ಲಿ ಬೇರೆಯಾಗಿ ಪಡೆಯುವುದು ಪುರಸಭೆಗೆ ಕಡ್ಡಾಯವೇ?

ಪ್ರಶ್ನೆ: ನಮ್ಮದು ಸುಮಾರು ಮೂವತ್ತು ಸಾವಿರ ಜನಸಂಖ್ಯೆಯ ಪುರಸಭೆ ಊರು. ನಮ್ಮ ಬೀದಿಯ ಬಹುತೇಕ ಮನೆಗಳವರು ಹಸಿ ಕಸ, ಒಣ ಕಸ ಬೇರೆ ಮಾಡಿ ಇಡುತ್ತೇವೆ. ಗಾಡಿಯವರು ಎರಡನ್ನೂ ಒಂದೇ ಕಡೆ ಸುರಿದುಕೊಂಡು ಹೋಗುತ್ತಾರೆ. ಕೇಳಿದರೆ ‘ಒಣ ಕಸಕ್ಕೆ ಬೇರೆ ವ್ಯವಸ್ಥೆ ಇಲ್ಲ, ಬೇಕಿದ್ದರೆ ಗುಜರಿಯವರಿಗೆ ಕೊಡಿ’ ಎನ್ನುತ್ತಾರೆ. ಮರುಬಳಕೆಯ ವಸ್ತುಗಳನ್ನು ಮನೆ ಮನೆಯಿಂದ ಪಡೆಯಲೇಬೇಕೆಂದು ಸ್ಥಳೀಯ ಸಂಸ್ಥೆಗಳನ್ನು ಕಟ್ಟುಪಾಡಿಗೆ ಒಳಪಡಿಸುವ ಕಾಯ್ದೆ ಬೇರೆ ದೇಶಗಳಲ್ಲಿ ಇದೆಯೆಂದು ಕೇಳಿದ್ದೇನೆ. ನಮ್ಮಲ್ಲಿಯೂ ಅದು ಬರಬೇಕಲ್ಲವೇ? ಈ ನಡುವೆ, ಕಸ ಬೇರ್ಪಡಿಸದ ಮನೆಗಳಿಗೆ ದಂಡ ಹಾಕುವುದಾಗಿ ಪುರಸಭೆಯವರು ಪ್ರಕಟಣೆ ಹೊರಡಿಸಿದ್ದಾರೆ. ಇದು ನ್ಯಾಯವೇ?

ಉತ್ತರ: ನೀವು ಬಯಸುತ್ತಿರುವ ಕಾನೂನು ನಮ್ಮಲ್ಲಿ ಈಗಾಗಲೇ ಇದೆ, ಮತ್ತು ಅದು ಇತ್ತೀಚಿನದೂ ಅಲ್ಲ. ಒಣ ಕಸಕ್ಕೆ ವ್ಯವಸ್ಥೆ ಇಲ್ಲವೆಂದು ಗಾಡಿಯವರು ಹೇಳಿದ ಮಾತು ನಿಮ್ಮ ಊರಿನ ಮಟ್ಟಿಗೆ ನಿಜವಿರಬಹುದು, ಆದರೆ ವ್ಯವಸ್ಥೆ ಇಲ್ಲದಿರುವುದು ಪುರಸಭೆಯ ಲೋಪವೇ ಹೊರತು ಅದರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಕರ್ತವ್ಯವನ್ನು ಸಾರುವ ನಿಯಮಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಆ ಕರ್ತವ್ಯ ಇಂದು ನಡೆಯಿತೇ ಇಲ್ಲವೇ ಎಂದು ಪ್ರತಿ ವಾರ್ಡಿನಲ್ಲಿ ತೂಗಿ ನೋಡುವ ಏರ್ಪಾಡು ಮಾತ್ರ ಬಹುತೇಕ ಊರುಗಳಲ್ಲಿ ಕಾಣುವುದಿಲ್ಲ. ನಿಮ್ಮ ಬೀದಿಯವರ ಒತ್ತಾಯ ಹೊಸ ಕಾಯ್ದೆಯ ಕಡೆಗಿಂತ ಈ ತೂಕದ ಕಡೆಗೆ ತಿರುಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಕಾನೂನು. ಸಂವಿಧಾನದ 74ನೇ ತಿದ್ದುಪಡಿ ಸೇರಿಸಿದ ಹನ್ನೆರಡನೇ ಅನುಸೂಚಿಯ ಆರನೇ ನಮೂದಿನಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯದ ಜೊತೆಗೇ ಘನತ್ಯಾಜ್ಯ ನಿರ್ವಹಣೆಯೂ ನಗರಾಡಳಿತದ ವಿಷಯವೆಂದು ದಾಖಲಾಗಿದೆ. ನಿಮ್ಮ ಪುರಸಭೆಗೆ ಅನ್ವಯಿಸುವ ಕರ್ನಾಟಕ ಪೌರಸಭೆಗಳ ಅಧಿನಿಯಮ, 1964ರ 87ನೇ ಪ್ರಕರಣವು ಕಸ ತೆಗೆಯುವುದನ್ನು ಪುರಸಭೆಯ ಕಡ್ಡಾಯ ಕೆಲಸಗಳ ಸಾಲಿನಲ್ಲಿಯೇ ಇಟ್ಟಿದೆ. ಆದರೆ ಕಸ ತೆಗೆಯುವುದು ಒಂದು ಕೆಲಸ, ಬೇರೆ ಮಾಡಿದ ಕಸವನ್ನು ಬೇರೆಯಾಗಿಯೇ ತೆಗೆಯುವುದು ಇನ್ನೊಂದು. ಈ ಎರಡನೆಯದು ನಿಯಮವಾಗಿ ಬಂದ ಕಥೆಗೂ ಕರ್ನಾಟಕಕ್ಕೂ ನೇರ ಸಂಬಂಧವಿದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಫಲವಾಗಿ ನಗರ ಘನತ್ಯಾಜ್ಯದ ಬಗ್ಗೆ ದೇಶದ ಮೊದಲ ನಿಯಮಗಳು 2000ದಲ್ಲಿ ಹೊರಬಂದವು. ಅವುಗಳ ಜಾಗದಲ್ಲಿ 2016ರ ಏಪ್ರಿಲ್ 8ರಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಈ ನಿಯಮಗಳ 15ನೆಯದು ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳ ದೊಡ್ಡ ಪಟ್ಟಿಯಾಗಿತ್ತು. ಕೊಳೆಗೇರಿಗಳೂ ಸೇರಿದಂತೆ ಎಲ್ಲ ಮನೆಗಳಿಂದ ಬೇರ್ಪಡಿಸಿದ ಕಸವನ್ನು ಮನೆ ಬಾಗಿಲಲ್ಲಿ ಸಂಗ್ರಹಿಸಬೇಕು, ಮರುಬಳಕೆಯ ವಸ್ತುಗಳನ್ನು ವಿಂಗಡಿಸಲು ಸಾಕಷ್ಟು ಜಾಗವಿರುವ ಕೇಂದ್ರ ಕಟ್ಟಬೇಕು, ಚಿಂದಿ ಆಯುವವರನ್ನು ಈ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕು, ಯಾವುದಕ್ಕೂ ಬಾರದ ಕಸವನ್ನು ಮಾತ್ರ ಭೂಭರ್ತಿಗೆ, ಅಂದರೆ ಕಸ ಹೂಳುವ ಜಾಗಕ್ಕೆ, ಕಳಿಸಬೇಕು ಎಂಬುದೆಲ್ಲ ಅಲ್ಲಿತ್ತು. ಬೇರ್ಪಡಿಸಿದ ಕಸದ ಸಂಗ್ರಹಕ್ಕೆ ಕೊಟ್ಟಿದ್ದ ಗಡುವು ಎರಡು ವರ್ಷ, ಅಂದರೆ ಅದು 2018ರ ಏಪ್ರಿಲ್‌ನಲ್ಲೇ ಮುಗಿದಿದೆ. 2016ರ ನಿಯಮಗಳ ಜಾಗದಲ್ಲಿ 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಹೊರಡಿಸಿರುವ ಹೊಸ ನಿಯಮಗಳು ಕಸವನ್ನು ಹಸಿ, ಒಣ, ನೈರ್ಮಲ್ಯ ಸಂಬಂಧಿ ಮತ್ತು ವಿಶೇಷ ಎಚ್ಚರಿಕೆ ಬೇಕಾದದ್ದು ಎಂದು ನಾಲ್ಕಾಗಿ ವಿಂಗಡಿಸಲು ಹೇಳುತ್ತವೆ. ಹೀಗೆ ಕಟ್ಟುಪಾಡು ಬಿಗಿಯಾಗುತ್ತ ಬಂದಿದೆಯೇ ಹೊರತು ಸಡಿಲವಾಗಿಲ್ಲ.

ನ್ಯಾಯಾಲಯಗಳೂ ಸುಮ್ಮನಿರಲಿಲ್ಲ. ಮಾವಳ್ಳಿಪುರ ಮತ್ತು ಮಂಡೂರಿನ ಜನ ತಮ್ಮ ಊರನ್ನು ಬೆಂಗಳೂರಿನ ತಿಪ್ಪೆಯಾಗಿಸಿದ್ದರ ವಿರುದ್ಧ ಎದ್ದು ನಿಂತ 2012ರಲ್ಲಿಯೇ ರಾಜ್ಯ ಹೈಕೋರ್ಟ್ ಮೂಲದಲ್ಲಿಯೇ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿತು. 2015ರ ಡಿಸೆಂಬರ್‌ನಲ್ಲಿ ಅದು ಬೆಂಗಳೂರಿಗೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಗೊತ್ತುಪಡಿಸಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಪ್ಯಾಡ್‌ಗಳಂಥವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. 2022ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಘನ ಮತ್ತು ದ್ರವ ತ್ಯಾಜ್ಯದ ನಿರ್ವಹಣೆಯಲ್ಲಿನ ವೈಫಲ್ಯಕ್ಕಾಗಿ ಕರ್ನಾಟಕ ರಾಜ್ಯಕ್ಕೆ 2,900 ಕೋಟಿ ರೂಪಾಯಿಯ ಪರಿಸರ ಪರಿಹಾರವನ್ನು ವಿಧಿಸಿತು. ಇಷ್ಟಾದ ಮೇಲೂ ನಿಮ್ಮ ಬೀದಿಯಲ್ಲಿ ಎರಡು ಬುಟ್ಟಿಯ ಕಸ ಒಂದೇ ಗಾಡಿಯಲ್ಲಿ ಬೆರೆಯುತ್ತಿದೆ ಎಂದರೆ, ಇನ್ನೊಂದು ಕಾಯ್ದೆ ತಂದು ಅದೇ ಮಾತನ್ನು ಮತ್ತೊಮ್ಮೆ ಬರೆಯುವುದರಿಂದ ಏನು ಬದಲಾದೀತೆಂದು ಕೇಳಿಕೊಳ್ಳಬೇಕಾಗುತ್ತದೆ.

ಈಗ ನೀವು ಪ್ರಸ್ತಾಪಿಸಿದ ಹೊರದೇಶಗಳ ಕಾಯ್ದೆಗಳಿಗೆ ಬರೋಣ. ಅಮೆರಿಕದ ಒರೆಗಾನ್ ರಾಜ್ಯ 1983ರಲ್ಲಿಯೇ ಒಂದು ಕಾಯ್ದೆ ಮಾಡಿ, ನಾಲ್ಕು ಸಾವಿರಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಲ್ಲಿ ತಿಂಗಳಿಗೆ ಒಮ್ಮೆಯಾದರೂ ಮರುಬಳಕೆಯ ವಸ್ತುಗಳನ್ನು ಮನೆ ಮುಂದಿನಿಂದ ಒಯ್ಯುವ ವ್ಯವಸ್ಥೆ ಇರಬೇಕೆಂದು ಹೇಳಿತು. ಇಂಗ್ಲೆಂಡ್‌ಗೆ ಸಂಬಂಧಿಸಿದ 2003ರ ಕಾಯ್ದೆ, 2010ರ ಅಂತ್ಯದೊಳಗೆ ಪ್ರತಿ ಸ್ಥಳೀಯ ಸಂಸ್ಥೆಯೂ ಕನಿಷ್ಠ ಎರಡು ಬಗೆಯ ವಸ್ತುಗಳನ್ನು ಉಳಿದ ಕಸದಿಂದ ಬೇರೆಯಾಗಿ ಪಡೆಯಬೇಕೆಂದು ವಿಧಿಸಿತು. ಈ ಎರಡೂ ಕಾಯ್ದೆಗಳು ಸೇವೆ ಇರಬೇಕು ಎಂದು ಹೇಳಿದವು, ಸೇವೆಯಿಂದ ಇಷ್ಟು ಫಲ ಬರಬೇಕೆಂದು ಹೇಳಲಿಲ್ಲ. ಪಕ್ಕದ ವೇಲ್ಸ್ ಬೇರೆ ದಾರಿ ಹಿಡಿಯಿತು. ಅದು ಪ್ರತಿ ಸ್ಥಳೀಯ ಸಂಸ್ಥೆಗೂ ತೂಕದ ಲೆಕ್ಕದಲ್ಲಿ ಗುರಿಯನ್ನು ಕಾನೂನಿನಲ್ಲಿಯೇ ನಿಗದಿ ಮಾಡಿ, 2012-13ಕ್ಕೆ ಶೇ 52, 2019-20ಕ್ಕೆ ಶೇ 64, 2024-25ಕ್ಕೆ ಶೇ 70 ಎಂದು ಏರಿಸುತ್ತ ಹೋಯಿತು ಮತ್ತು ಗುರಿ ತಪ್ಪಿದರೆ ಕಡಿಮೆ ಬಿದ್ದ ಪ್ರತಿ ಟನ್ನಿಗೆ 200 ಪೌಂಡ್ ದಂಡ ವಿಧಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಇಂಗ್ಲೆಂಡ್‌ನ ಮರುಬಳಕೆ ಪ್ರಮಾಣ ಒಂದು ದಶಕಕ್ಕೂ ಹೆಚ್ಚು ಕಾಲ ಶೇ 45ರ ಆಸುಪಾಸಿನಲ್ಲಿಯೇ ನಿಂತಿದ್ದರೆ ವೇಲ್ಸ್ ಶೇ 60 ದಾಟಿ ಮುಂದೆ ಹೋಗಿದೆ. ಆ ಲೆಕ್ಕದಲ್ಲಿ ಅಡುಗೆಮನೆಯ ಹಸಿ ಕಸದ ಸಂಸ್ಕರಣೆಯೂ ಸೇರಿದೆ ಎಂಬುದನ್ನು ಮರೆಯಬಾರದು. ಅಷ್ಟಾದರೂ, ಒಂದೇ ದ್ವೀಪದ ಎರಡು ನಾಡುಗಳ ನಡುವೆ ಇಷ್ಟು ಅಂತರ ಬರಲು ಒಂದು ಮುಖ್ಯ ಕಾರಣ ಕರ್ತವ್ಯವನ್ನು ಬರೆದ ರೀತಿ ಎಂದೇ ನಾನು ತಿಳಿಯುತ್ತೇನೆ.

ಅಲ್ಲಿನ ಪದ್ಧತಿಯನ್ನು ಇಲ್ಲಿಗೆ ಹಾಗೆಯೇ ತಂದಿಡಲು ಬರುವುದಿಲ್ಲ, ಏಕೆಂದರೆ ನಮ್ಮ ಮನೆಗಳ ಒಣ ಕಸದ ಸ್ವರೂಪವೇ ಬೇರೆ. ಹಳೆಯ ದಿನಪತ್ರಿಕೆ, ರಟ್ಟಿನ ಪೆಟ್ಟಿಗೆ, ಬಾಟಲಿ, ತಗಡು, ತಾಮ್ರದ ತಂತಿ ಇವೆಲ್ಲ ಪುರಸಭೆಯ ಗಾಡಿ ಬರುವ ಮೊದಲೇ ಗುಜರಿಯವರ ತಕ್ಕಡಿ ಏರಿರುತ್ತವೆ. ಯಾವ ಕಾನೂನಿನ ಒತ್ತಾಯವೂ ಇಲ್ಲದೆ, ಸರ್ಕಾರದ ಒಂದು ರೂಪಾಯಿಯೂ ಇಲ್ಲದೆ ತಲೆಮಾರುಗಳಿಂದ ನಡೆದು ಬಂದಿರುವ ಈ ವ್ಯಾಪಾರ ನಮ್ಮ ದೊಡ್ಡ ಆಸ್ತಿ. ಬೆಲೆ ಬಾಳುವುದು ಹೀಗೆ ಹೋದ ಮೇಲೆ ಪುರಸಭೆಯ ಪಾಲಿಗೆ ಉಳಿಯುವುದು ಬೆಲೆ ಇಲ್ಲದ್ದು: ಬಿಸ್ಕತ್ತು, ಚಿಪ್ಸ್‌ಗಳ ಪೊಟ್ಟಣ, ಶಾಂಪೂ ಸ್ಯಾಶೆ, ತೆಳ್ಳನೆಯ ಕವರ್, ಥರ್ಮೋಕೋಲ್, ಹರಿದ ಚಪ್ಪಲಿ, ಹಳೆ ಬಟ್ಟೆ. ‘ಗುಜರಿಯವರಿಗೆ ಕೊಡಿ’ ಎಂಬ ಮಾತು ಸೋಲುವುದು ಇಲ್ಲಿಯೇ. ಗುಜರಿಯವರು ಬೇಡವೆಂದು ಬಿಟ್ಟದ್ದನ್ನು ಪಡೆಯುವುದಕ್ಕಾಗಿಯೇ ಪುರಸಭೆಯ ಸೇವೆ ಬೇಕಾಗಿದೆ. ಅದು ಇಲ್ಲದಿದ್ದರೆ ಆ ಪೊಟ್ಟಣಗಳೆಲ್ಲ ಚರಂಡಿಗೆ, ಕೆರೆಯ ಕೋಡಿಗೆ, ಇಲ್ಲವೇ ಖಾಲಿ ನಿವೇಶನದಲ್ಲಿ ಹಚ್ಚಿದ ಬೆಂಕಿಗೆ ಹೋಗುತ್ತವೆ.

ಒಣ ಕಸ ಹಸಿ ಕಸದೊಂದಿಗೆ ಬೆರೆತರೆ ನಷ್ಟವೇನೆಂದು ತಿಳಿಯಲು ವಿಂಗಡಣೆಯ ಮೇಜಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಬೇಕು. ಅಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಕವರನ್ನು ಬೆರಳಿನಲ್ಲಿ ಮುದುಡಿ, ಅದು ಸರಬರ ಸದ್ದು ಮಾಡುತ್ತದೆಯೋ ಮೆತ್ತಗೆ ಮುದುಡುತ್ತದೆಯೋ ಎಂಬುದರಿಂದಲೇ ಯಾವ ಜಾತಿಯ ಪ್ಲಾಸ್ಟಿಕ್ ಎಂದು ತಿಳಿದು ಬೇರೆ ಬೇರೆ ಚೀಲಕ್ಕೆ ಹಾಕುತ್ತಾರೆ. ನೀರಿನ ಬಾಟಲಿ ಒಂದು ಬಗೆಯ ಪ್ಲಾಸ್ಟಿಕ್ ಆದರೆ ಅದರ ಮುಚ್ಚಳ ಇನ್ನೊಂದು ಬಗೆಯದು, ಎರಡಕ್ಕೂ ಬೇರೆ ಬೇರೆ ದರ. ತೊಳೆದು ಒಣಗಿಸಿದ ಹಾಲಿನ ಕವರ್‌ಗೆ ಒಳ್ಳೆಯ ಬೆಲೆ ಇದೆ. ತೊಳೆಯದ ಅದೇ ಕವರ್ ಎರಡು ದಿನದಲ್ಲಿ ಹುಳಿತು ನಾರಿ, ಜೊತೆಗಿರುವ ಕಾಗದವನ್ನೂ ಹಾಳು ಮಾಡುತ್ತದೆ. ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಿದರೆ ಆ ಚೂರು ಯಾವ ಕೈಗೂ ಸಿಗದೆ ನೇರ ಚರಂಡಿ ಸೇರುತ್ತದೆ, ಆದ್ದರಿಂದ ಮೂಲೆಯನ್ನು ಸೀಳಿ ಕವರಿಗೇ ಅಂಟಿಕೊಂಡಂತೆ ಬಿಡುವುದು ಲೇಸು. ಸಾರು, ಮೊಸರು ಮೆತ್ತಿದ ಕಸ ಈ ಮೇಜಿಗೆ ಬಂದರೆ ವಿಂಗಡಣೆ ಮಾಡುವವರ ಕೈಗೆ ಗಾಯ, ಚರ್ಮರೋಗ ಗ್ಯಾರಂಟಿ, ಮಾಲಿಗೆ ಬೆಲೆ ಇಲ್ಲ. ನಿಮ್ಮ ಗಾಡಿಯವರು ಎರಡು ಬುಟ್ಟಿಯನ್ನು ಒಂದು ಮಾಡಿದ ಆ ಗಳಿಗೆಯಲ್ಲಿ ನಿಮ್ಮ ಅಡುಗೆಮನೆಯ ಶ್ರಮದ ಜೊತೆಗೆ ಈ ಕೆಲಸಗಾರರ ದಿನದ ದುಡಿಮೆಯೂ ಹಾಳಾಗುತ್ತದೆ.

ಹೀಗಾಗಿ ಪುರಸಭೆಯ ಮೇಲೆ ಹೊರಿಸಬೇಕಾದ ಕರ್ತವ್ಯ ಅದರ ಕೈಯಲ್ಲಿರುವ ಕೆಲಸಗಳಿಗೆ ಸಂಬಂಧಿಸಿರಬೇಕು. ಸಂಗ್ರಹಿಸಿದ ವಸ್ತುವೆಲ್ಲ ಮರುಬಳಕೆಯಾಗಲೇಬೇಕು ಎಂದು ಆಜ್ಞೆ ಮಾಡುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಅದು ಮಾರುಕಟ್ಟೆಗೆ ಬಿಟ್ಟ ವಿಷಯ. ಚೀನಾ 2018ರಿಂದ ಹೊರದೇಶದ ಹಳೆ ಪ್ಲಾಸ್ಟಿಕ್ ಮತ್ತು ಕಾಗದವನ್ನು ತಡೆದಾಗ ಕೊಳ್ಳುವವರಿಲ್ಲದೆ ಅಮೆರಿಕದ ಎಷ್ಟೋ ಪಟ್ಟಣಗಳು ಮನೆ ಮುಂದಿನ ಸಂಗ್ರಹವನ್ನೇ ಕೈಬಿಟ್ಟವು. ಆದರೆ ಗೊತ್ತಾದ ದಿನ ಗಾಡಿ ಬರುವುದು, ಅದರಲ್ಲಿ ಒಣ ಕಸಕ್ಕೆ ಬೇರೆ ಖಾನೆ ಇರುವುದು, ಅದು ನೇರ ವಿಂಗಡಣೆಯ ಶೆಡ್‌ಗೆ ಹೋಗುವುದು, ಅಲ್ಲಿ ತೂಕವಾಗಿ ರಿಜಿಸ್ಟರ್‌ನಲ್ಲಿ ಬರೆಯುವುದು, ಇವು ಯಾವುವೂ ಪುರಸಭೆಯ ಶಕ್ತಿಗೆ ಮೀರಿದ್ದಲ್ಲ. ಬೆಂಗಳೂರಿನಲ್ಲಿ ರೂಢಿಯಲ್ಲಿರುವಂತೆ ಒಣ ಕಸ ದಿನಾ ಬೇಕಿಲ್ಲ, ವಾರಕ್ಕೆ ಎರಡು ದಿನ ಸಾಕು. ಆ ಎರಡು ದಿನ ಇರುವ ಆಟೋ ಟಿಪ್ಪರ್‌ಗಳಲ್ಲಿಯೇ ಸರದಿ ಗೊತ್ತು ಮಾಡಿದರೆ ಹೊಸ ಗಾಡಿ ಕೊಳ್ಳುವ ಮಾತೂ ಬರುವುದಿಲ್ಲ.

ನಿಮ್ಮ ಊರಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಒಬ್ಬರಿಗೆ ದಿನಕ್ಕೆ 300 ಗ್ರಾಂ ಕಸ ಎಂದು ಹಿಡಿದರೆ ಮೂವತ್ತು ಸಾವಿರ ಜನಕ್ಕೆ ಒಂಬತ್ತು ಟನ್ ಆಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ, ಒಣ ಕಸ ಸುಮಾರು ಕಾಲು ಭಾಗ ಎಂದುಕೊಂಡರೂ ಎರಡು ಟನ್ನಿನ ಆಚೀಚೆ ನಿಲ್ಲುತ್ತದೆ. ಈ ಎರಡು ಟನ್ನಿಗೆ ದೊಡ್ಡ ಯಂತ್ರ ಬೇಡ. ಮಳೆ ನೀರು ಒಳಗೆ ಬಾರದ ಶೆಡ್, ಮೇಜು, ತೂಕದ ಯಂತ್ರ, ಕವರುಗಳನ್ನು ಒತ್ತಿ ಬೇಲ್ ಕಟ್ಟುವ ಯಂತ್ರ, ಮತ್ತು ತರಬೇತಾದ ಕೈಗಳು ಸಾಕು. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಸ್ತ್ರೀಶಕ್ತಿ ಸಂಘಗಳ ಒಕ್ಕೂಟವು ಸುತ್ತಲಿನ ವಾರ್ಡುಗಳ ಕಸವನ್ನು ತೆಗೆದುಕೊಂಡು, ಹಸಿಯನ್ನು ಗೊಬ್ಬರ ಮಾಡಿ ರೈತರಿಗೆ ಕೊಟ್ಟು, ಒಣವನ್ನು ವಿಂಗಡಿಸಿ ಮಾರಿ ಘಟಕವನ್ನು ನಡೆಸಿ ತೋರಿಸಿದೆ. ಊರು ಇನ್ನೂ ಚಿಕ್ಕದಾಗಿದ್ದರೆ ಹಲವು ಊರುಗಳು ಸೇರಿ ಒಂದೇ ಘಟಕ ಮಾಡಿಕೊಳ್ಳುವುದು ಜಾಣತನ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ ಹತ್ತು ಟನ್ ಸಾಮರ್ಥ್ಯದ ಘಟಕವೊಂದು ಸುತ್ತಲಿನ ಅನೇಕ ಗ್ರಾಮ ಪಂಚಾಯಿತಿಗಳ ಒಣ ಕಸವನ್ನು ಪಡೆದು ವಿಂಗಡಿಸುತ್ತದೆ. ಗ್ರಾಮ ಪಂಚಾಯಿತಿಗಳು ಒಟ್ಟಾಗಿ ಮಾಡಿದ್ದನ್ನು ಪುರಸಭೆಯೊಂದು ನೆರೆಯ ಪಟ್ಟಣ ಪಂಚಾಯಿತಿಯ ಜೊತೆ ಸೇರಿ ಮಾಡಲಾಗದು ಎಂದರೆ ಅದನ್ನು ಒಪ್ಪಲಾಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಸಂಗ್ರಹವನ್ನು ಪುರಸಭೆಗೆ ಕಡ್ಡಾಯ ಮಾಡಿದ ಕೂಡಲೇ ಅದನ್ನು ದೊಡ್ಡ ಗುತ್ತಿಗೆದಾರರೊಬ್ಬರಿಗೆ ವಹಿಸಿ, ಬೆಲೆಯುಳ್ಳ ಮಾಲೆಲ್ಲ ಅವರ ಪಾಲಾಗಿ, ಚಿಂದಿ ಆಯ್ದು ಬದುಕುವವರು ಬೀದಿಪಾಲಾಗುವ ಅಪಾಯ ನಿಜವಾದದ್ದು. ಬೆಂಗಳೂರು ಪಾಲಿಕೆಯು ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟು, ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಎಷ್ಟೋ ಕೇಂದ್ರಗಳನ್ನು ಅವರಿಗೇ ನಡೆಸಲು ಬಿಟ್ಟಿತು. ಹಸಿರು ದಳದಂಥ ಸಂಸ್ಥೆಗಳು ಅದಕ್ಕಾಗಿ ಬಹಳ ದುಡಿದಿವೆ. ಪುಣೆಯಲ್ಲಿ ಚಿಂದಿ ಆಯುವವರೇ ಸೇರಿ ಕಟ್ಟಿದ ‘ಸ್ವಚ್ಛ್’ ಸಹಕಾರ ಸಂಘ 2008ರಲ್ಲಿ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಮನೆ ಮನೆಯ ಸಂಗ್ರಹವನ್ನೇ ವಹಿಸಿಕೊಂಡಿತು. ನಿಮ್ಮ ಊರಿನಲ್ಲಿ ಈಗ ಚೀಲ ಹೊತ್ತು ತಿರುಗುವವರು ಯಾರೆಂದು ನಿಮಗೆ ಗೊತ್ತಿರುತ್ತದೆ. ಶೆಡ್ಡಿನ ಕೆಲಸ ಮೊದಲು ಅವರಿಗೆ ಸಿಗಬೇಕೆಂದು ಕೇಳುವುದು ನಿಮ್ಮ ಬೇಡಿಕೆಯ ಭಾಗವೇ ಆಗಿರಲಿ. ನಿಯಮವೂ ನಿಮ್ಮ ಪರವಾಗಿದೆ.

ಹಣದ ವಿಷಯದಲ್ಲಿ ಪುರಸಭೆಯವರ ಅಳಲು ಪೂರ್ತಿ ಸುಳ್ಳಲ್ಲ. ಚಿಪ್ಸ್ ಪೊಟ್ಟಣದಲ್ಲಿ ಪ್ಲಾಸ್ಟಿಕ್ಕಿಗೆ ತೆಳ್ಳನೆಯ ಲೋಹದ ಪದರ ಅಂಟಿರುತ್ತದೆ, ಅವುಗಳನ್ನು ಬಿಡಿಸಿ ಲಾಭ ಮಾಡುವ ದಾರಿ ಇಲ್ಲ. ಅಂಥವು ಕೊನೆಗೆ ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಇಂಧನವಾಗಿ ಹೋಗಬೇಕು, ಅಷ್ಟು ದೂರದ ಲಾರಿ ಬಾಡಿಗೆ ಯಾರಾದರೂ ತೆರಬೇಕು. ಆಸ್ತಿ ತೆರಿಗೆಯ ಜೊತೆ ನೀವು ಕಟ್ಟುವ ಘನತ್ಯಾಜ್ಯ ಶುಲ್ಕ ಇರುವುದು ಇಂಥ ವೆಚ್ಚಕ್ಕೇ, ಆದರೆ ಅದೊಂದರಿಂದ ಸಾಲುವುದಿಲ್ಲ. ಪೊಟ್ಟಣ ಮಾಡಿ ಮಾರಿದ ಕಂಪನಿಗಳೇ ಅದನ್ನು ಮರಳಿ ಪಡೆಯುವ ಹೊಣೆ ಹೊರಬೇಕೆಂದು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ತೊಡಕಿರುವುದು ಇಲ್ಲಿ: ಆ ಹೊಣೆ ತೀರಿತೆಂಬ ಪ್ರಮಾಣಪತ್ರ ಹುಟ್ಟುವುದು ನೋಂದಾಯಿತ ಮರುಬಳಕೆ ಮತ್ತು ಸಂಸ್ಕರಣಾ ಘಟಕಗಳಲ್ಲಿ, ಬಾಗಿಲಿಂದ ಬಾಗಿಲಿಗೆ ಹೋಗಿ ಕಸ ತಂದ ಪುರಸಭೆಗೆ ಅದರಿಂದ ತಾನಾಗಿ ದುಡ್ಡು ಬರುವುದಿಲ್ಲ. ಪುರಸಭೆ ಅಂಥ ಘಟಕದೊಂದಿಗೆ ಅಥವಾ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು, ಮತ್ತು ಒಪ್ಪಂದಕ್ಕೆ ಕೂರಲು ಅದರ ಬಳಿ ತೂಕದ ದಾಖಲೆ ಇರಬೇಕು. ಎಷ್ಟು ಕಿಲೋ ಪೊಟ್ಟಣ ಸಂಗ್ರಹಿಸಿದೆವೆಂದು ಹೇಳಲಾಗದ ಪುರಸಭೆಗೆ ಯಾರೂ ಹಣ ಕೊಡುವುದಿಲ್ಲ. ಕಾನೂನಿನಲ್ಲಿ ಇನ್ನೂ ತಿದ್ದುಪಡಿ ಬೇಕಿದ್ದರೆ ಅದು ಈ ಜಾಗದಲ್ಲಿ ಬೇಕು: ಸಂಗ್ರಹದ ಖರ್ಚಿನ ಒಂದು ಪಾಲು ಕಂಪನಿಗಳಿಂದ ನೇರವಾಗಿ ಸ್ಥಳೀಯ ಸಂಸ್ಥೆಗೆ ಬರುವಂತೆ ಆಗಬೇಕು. ಕರ್ತವ್ಯವನ್ನು ಪುರಸಭೆಗೂ ಲಾಭವನ್ನು ಇನ್ನೊಬ್ಬರಿಗೂ ಹಂಚುವ ವ್ಯವಸ್ಥೆ ಬಹಳ ದಿನ ಬಾಳುವುದಿಲ್ಲ.

ದಂಡದ ಪ್ರಶ್ನೆಗೆ ಉತ್ತರ ಎರಡು ಭಾಗದ್ದು. ಕಸ ಬೇರ್ಪಡಿಸುವುದು ಮನೆಯವರ ಕರ್ತವ್ಯವೆಂದು 2016ರ ನಿಯಮಗಳಲ್ಲಿಯೇ ಇತ್ತು, ಉಪವಿಧಿ (ಸ್ಥಳೀಯ ಸಂಸ್ಥೆ ತಾನೇ ಮಾಡುವ ನಿಯಮ) ರಚಿಸಿ ಸ್ಥಳದಲ್ಲೇ ದಂಡ ವಿಧಿಸುವ ಅಧಿಕಾರವನ್ನೂ ಅವು ಸ್ಥಳೀಯ ಸಂಸ್ಥೆಗೆ ಕೊಟ್ಟವು. ಆದ್ದರಿಂದ ನಿಮ್ಮ ಪುರಸಭೆ ಉಪವಿಧಿಯನ್ನು ಕ್ರಮಬದ್ಧವಾಗಿ ರಚಿಸಿದ್ದರೆ ದಂಡ ಕಾನೂನುಬಾಹಿರವಲ್ಲ. ಆದರೆ ಬೇರೆ ಮಾಡಿ ಕೊಟ್ಟ ಕಸವನ್ನು ಬೇರೆಯಾಗಿ ಒಯ್ಯುವ ಏರ್ಪಾಡು ಮಾಡದೆ ಮನೆಯವರಿಗೆ ಮೊದಲು ದಂಡ ಹಾಕುವುದು ಅನ್ಯಾಯ, ಮತ್ತು ಅದಕ್ಕಿಂತ ಹೆಚ್ಚಾಗಿ ಅದು ಕೆಲಸಕ್ಕೆ ಬಾರದ ಕ್ರಮ. ತಾನು ಬೇರ್ಪಡಿಸಿದ್ದು ಕಣ್ಣೆದುರೇ ಬೆರೆತದ್ದನ್ನು ಕಂಡ ಗೃಹಿಣಿ ಮರುದಿನವೂ ಬೇರ್ಪಡಿಸಲಿ ಎಂದು ಯಾವ ಬಾಯಿಯಿಂದ ಹೇಳುವುದು? ದಂಡದ ಚೀಟಿ ತಂದವರೊಂದಿಗೆ ಜಗಳಕ್ಕೆ ನಿಲ್ಲಬೇಡಿ. ಒಣ ಕಸದ ದಿನ ಯಾವುದು, ಅದು ಇಳಿಯುವ ಶೆಡ್ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗಾಡಿಯ ಜೊತೆ ಬರುವ ಪೌರಕಾರ್ಮಿಕರ ಮೇಲೂ ಸಿಟ್ಟು ಬೇಡ. ಒಂದೇ ಖಾನೆಯ ಗಾಡಿ ಕೊಟ್ಟು ಕಳಿಸಿದ ಮೇಲೆ ಅವರು ಮಾಡಬಹುದಾದದ್ದು ಬಹಳ ಕಡಿಮೆ.

ಮುಂದಿನ ಹೆಜ್ಜೆಯಾಗಿ, ಪುರಸಭೆಯ ಮುಖ್ಯಾಧಿಕಾರಿಗಳಿಗೆ ಬೀದಿಯವರೆಲ್ಲ ಸಹಿ ಮಾಡಿದ ಅರ್ಜಿಯೊಂದನ್ನು ಕೊಡಿ. ಅದರಲ್ಲಿ ಮೇಲೆ ಹೇಳಿದ ನಿಯಮಗಳ ಉಲ್ಲೇಖವಿರಲಿ, ಕೋರಿಕೆ ಮಾತ್ರ ಚಿಕ್ಕದಿರಲಿ: ನಿಮ್ಮ ವಾರ್ಡಿನಲ್ಲಿ ವಾರಕ್ಕೆ ಎರಡು ದಿನ ಒಣ ಕಸವನ್ನಷ್ಟೇ ಪಡೆಯುವ ಸರದಿಯನ್ನು ಪ್ರಾಯೋಗಿಕವಾಗಿ ಶುರು ಮಾಡಿ, ಪ್ರತಿ ದಿನದ ತೂಕವನ್ನು ಕಚೇರಿಯ ಫಲಕದಲ್ಲಿ ಹಾಕಬೇಕು. ಇಡೀ ಊರಿಗೆ ಒಂದೇ ಸಲ ಮಾಡಿ ಎಂದರೆ ಕಡತ ಮೇಲಿನ ಕಚೇರಿಗೆ ಹೋಗಿ ಕೂರುತ್ತದೆ, ಒಂದು ವಾರ್ಡಿಗೆ ಆರೋಗ್ಯ ನಿರೀಕ್ಷಕರ ಮಟ್ಟದಲ್ಲಿಯೇ ಕೆಲಸ ಆರಂಭಿಸಬಹುದು. ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯಡಿ ಕಳೆದ ವರ್ಷ ಸಂಗ್ರಹವಾದ ಘನತ್ಯಾಜ್ಯ ಶುಲ್ಕದ ಮೊತ್ತ, ಅದರ ಖರ್ಚು, ಮಾರಾಟವಾದ ಒಣ ಕಸದ ತೂಕ, ಪುರಸಭೆಯ ಘನತ್ಯಾಜ್ಯ ಉಪವಿಧಿಯ ಪ್ರತಿ, ಇವಿಷ್ಟನ್ನು ಕೇಳಿ. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಒಣ ಕಸದ ತೂಕದ ದಾಖಲೆಯೇ ಇಲ್ಲವೆಂಬ ಉತ್ತರ ಬಂದರೂ ಅದು ಉಪಯುಕ್ತವೇ, ಅದನ್ನು ಲಗತ್ತಿಸಿ ಜಿಲ್ಲಾಧಿಕಾರಿಗಳಿಗೆ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ದೂರು ಕೊಡಬಹುದು. ಪುರಸಭೆಯ ಆಯವ್ಯಯ ಸಿದ್ಧವಾಗುವ ಮೊದಲು ನಡೆಯುವ ಸಾರ್ವಜನಿಕ ಸಭೆಗೆ ನಿಮ್ಮ ವಾರ್ಡಿನ ಸದಸ್ಯರನ್ನು ಕರೆದುಕೊಂಡೇ ಹೋಗಿ, ವಿಂಗಡಣೆಯ ಶೆಡ್ ಮತ್ತು ತೂಕದ ಯಂತ್ರಕ್ಕೆ ಪ್ರತ್ಯೇಕ ಶೀರ್ಷಿಕೆಯಡಿ ಹಣ ಇಡುವಂತೆ ಕೇಳಿ, ಆ ಕೋರಿಕೆ ಸಭೆಯ ನಡವಳಿಯಲ್ಲಿ ದಾಖಲಾಗುವವರೆಗೆ ಅಲ್ಲಿಯೇ ಇರಿ.